ಲಗ್ನಪತ್ರಿಕೆಯ ಇಂಗ್ಲಿಷ್ ಬಳುಕುತ್ತಿದೆ, ಪಕ್ಕದ ಕನ್ನಡ ಸೆಟೆದು ನಿಂತಿದೆ. ಏನು ಮಾಡೋಣ?

ವಟ್ರಸುಳಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮ್ಮನ ಮಗಳ ಮದುವೆ. ಹೆಣ್ಣಿನ ಮನೆ ಮೈಸೂರು, ಗಂಡಿನ ಮನೆ ಮಂಡ್ಯ. ಕಾರ್ಡ್ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕಡುಗೆಂಪು ಕಾಗದ, ಚಿನ್ನದ ಬಣ್ಣದ ಫಾಯಿಲ್.

ಇಂಗ್ಲಿಷ್ ಕಡೆ ತಲೆನೋವಿಲ್ಲ. ಎಡ್ವರ್ಡಿಯನ್ ಸ್ಕ್ರಿಪ್ಟ್ ಹಾಕಿ ನೋಡಿದೆ, ಗ್ರೇಟ್ ವೈಬ್ಸ್ ಹಾಕಿ ನೋಡಿದೆ, ಸ್ನೆಲ್ ರೌಂಡ್‌ಹ್ಯಾಂಡ್ ಕೂಡ. ಮೂರೂ ಚೆನ್ನಾಗಿವೆ. ಮೇಲೇರುವ ಗೆರೆ ಕೂದಲೆಳೆ, ಕೆಳಗಿಳಿಯುವ ಗೆರೆ ದಪ್ಪ, ದೊಡ್ಡಕ್ಷರದ ಬಾಲ ಸುತ್ತಿಕೊಂಡು ಬರುತ್ತದೆ. ನೋಡಿದ ತಕ್ಷಣ ಮದುವೆ ಅಂತ ಗೊತ್ತಾಗುತ್ತದೆ. ಕಾರ್ಡ್ ತಿರುಗಿಸಿದರೆ ಕನ್ನಡ. ಅಲ್ಲಿ ದಿನಾ ನೋಡುವ ಅದೇ ಪಠ್ಯದ ಫಾಂಟು. ಎರಡೂ ಒಂದೇ ಮನೆಯ ಕಾರ್ಡ್ ಅಂತ ಅನ್ನಿಸುವುದೇ ಇಲ್ಲ.

ಈ ಇಂಗ್ಲಿಷ್ ಸ್ಕ್ರಿಪ್ಟ್‌ಗಳ ಜೋಡಿಯಾಗಿ ನಿಲ್ಲುವ ಕನ್ನಡ ಕ್ಯಾಲಿಗ್ರಫಿ ಫಾಂಟ್ ಇದೆಯೇ? ದುಡ್ಡು ಕೊಡಲು ಸಿದ್ಧ. ಇಲ್ಲ ಅಂದರೆ ಬೇರೆ ದಾರಿ ಹೇಳಿ.

ಸುಮ್ನೆ_ಓದುಗ

ಇರುವ ಕನ್ನಡ ಫಾಂಟನ್ನೇ ಸ್ವಲ್ಪ ಓರೆ ಮಾಡಿದರೆ ಆಯ್ತಲ್ವಾ? ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು.

ಗ್ಲಿಫ್‌ಗಿರಾಕಿ, ಮೈಸೂರು

ದಯವಿಟ್ಟು ಅದೊಂದು ಮಾತ್ರ ಬೇಡ.

ಕಾಪರ್‌ಪ್ಲೇಟ್ ಶೈಲಿಯ ಇಂಗ್ಲಿಷ್, ಅಂದರೆ ನೀವು ಹೇಳಿದ ಫಾಂಟುಗಳ ಬಳುಕು ಬರಹ, ಲಂಬದಿಂದ ಸುಮಾರು 35 ಡಿಗ್ರಿ ವಾಲಿರುತ್ತದೆ. ಅಷ್ಟು ವಾಲಿದರೂ ಅದು ಕೆಡುವುದಿಲ್ಲ. ಯಾಕೆಂದರೆ ಆ ಅಕ್ಷರಗಳು ಒಂದೇ ಸಾಲಿನಲ್ಲಿ ಕೈ ಹಿಡಿದುಕೊಂಡು ಹೋಗುತ್ತವೆ. ಕನ್ನಡ ಹಾಗಲ್ಲ. ನಮ್ಮಲ್ಲಿ ಮೇಲೆ ಗುಡಿಸು, ತಲೆಕಟ್ಟು, ಎತ್ವ. ಕೆಳಗೆ ಒತ್ತು, ಐತ್ವದ ಕೆಳಗಿನ ಗುರುತು. ಬಟನ್ ಒತ್ತಿ ಓರೆ ಮಾಡಿದರೆ ಸಾಲಿನ ಮೇಲಿರುವುದೆಲ್ಲ ಬಲಕ್ಕೆ ಸರಿಯುತ್ತದೆ, ಕೆಳಗಿರುವುದೆಲ್ಲ ಎಡಕ್ಕೆ ಸರಿಯುತ್ತದೆ. 'ಶಕ್ತಿ' ಅಂತ ಬರೆದು ಓರೆ ಮಾಡಿ ನೋಡಿ. ತ ಒತ್ತು ಎಡಕ್ಕೆ ಜಾರಿ ಶ ಕೆಳಗೆ ಹೋಗಲು ನೋಡುತ್ತದೆ, ಗುಡಿಸು ಬಲಕ್ಕೆ ಬೀಳುತ್ತದೆ. ಮಧ್ಯದ ಕ ಒಂಟಿ.

ಇನ್ನೂ ಒಂದು. ಓರೆ ಮಾಡಿದ ಮಾತ್ರಕ್ಕೆ ದಪ್ಪ-ತೆಳು ಹುಟ್ಟುವುದಿಲ್ಲ. ಗ್ರೇಟ್ ವೈಬ್ಸ್‌ನ ಚೆಲುವು ಇರುವುದು ವಾಲಿಕೆಯಲ್ಲಿ ಅಲ್ಲ, ಗೆರೆಯ ಏರಿಳಿತದಲ್ಲಿ. ಅದು ನಿಬ್ಬಿನ ಕೆಲಸ.

ಕಬ್ಬಿನಗದ್ದೆ, ಮಂಡ್ಯ

ನಾನು ಡಿಟಿಪಿ ಮಾಡುವವನು. ಮದುವೆ ಸೀಸನ್‌ನಲ್ಲಿ ಇದೇ ಕೆಲಸ. ಫಾಂಟಿನ ಚೆಲುವಿನ ಮಾತು ಆಮೇಲೆ ಆಡಿ, ಮೊದಲು ಅಚ್ಚಿನ ಮಾತು ಕೇಳಿ.

ನಮ್ಮ ಕಡೆ ಜಾಸ್ತಿ ಜನ ರೆಡಿಮೇಡ್ ಕಾರ್ಡ್ ತರುತ್ತಾರೆ. ಗಣಪತಿ, ಬಳ್ಳಿ, ಅಂಚು ಎಲ್ಲ ಮೊದಲೇ ಫಾಯಿಲ್ ಆಗಿರುತ್ತದೆ. ಒಳಗಿನ ಅಕ್ಷರವನ್ನು ನಾವು ಸ್ಕ್ರೀನ್ ಪ್ರಿಂಟ್‌ನಲ್ಲಿ ಹಾಕುತ್ತೇವೆ, ಅದೂ ಒಂದೇ ಬಣ್ಣದಲ್ಲಿ. ಕಾಗದ ನುಣುಪಾಗಿದ್ದರೆ ಸರಿ. ಉಬ್ಬುತಗ್ಗಿನ ಕಾಗದವಾದರೆ ಕೂದಲೆಳೆ ಗೆರೆ ಅಲ್ಲಲ್ಲಿ ಕಡಿಯುತ್ತದೆ.

ಲೆಕ್ಕ ಹೀಗೆ. ಒಂದು ಫಾಂಟನ್ನು 1000 ಯೂನಿಟ್ ಎತ್ತರದ ಚೌಕದಲ್ಲಿ ಬರೆದಿದ್ದಾರೆ ಅಂದುಕೊಳ್ಳಿ. ಅದರ ತೆಳು ಗೆರೆ 20 ಯೂನಿಟ್. 24 ಪಾಯಿಂಟ್‌ನಲ್ಲಿ ಹಾಕಿದರೆ ಆ ಗೆರೆ 0.48 ಪಾಯಿಂಟ್. ನಡೆಯುತ್ತದೆ. ಅದನ್ನೇ 12 ಪಾಯಿಂಟ್‌ಗೆ ಇಳಿಸಿದರೆ 0.24. ಮಿಲಿಮೀಟರ್ ಲೆಕ್ಕದಲ್ಲಿ 0.1ಕ್ಕೂ ಕಡಿಮೆ. ಸ್ಕ್ರೀನ್‌ನಲ್ಲಿ ಅದು ನಿಲ್ಲುವುದಿಲ್ಲ. ಫಾಯಿಲ್‌ನಲ್ಲಿ ಇನ್ನೊಂದು ಕಾಟ. ಅಕ್ಷರದೊಳಗಿನ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ.

ಇಂಗ್ಲಿಷ್‌ನಲ್ಲಿ ಒಂದು ಗೆರೆ ಮಾಯವಾದರೂ ಓದಿಕೊಳ್ಳಬಹುದು. ಕನ್ನಡದಲ್ಲಿ ಹೊಟ್ಟೆ ಸೀಳು ಮಾಯವಾದರೆ ಅಕ್ಷರವೇ ಬದಲು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಎಲ್ಲಕ್ಕೂ ಇರುವ ವ್ಯತ್ಯಾಸ ಆ ಒಂದು ಪುಟ್ಟ ಗೆರೆ. ಅಚ್ಚಾಗಿ ಬಂದ ಒಂದು ಕಾರ್ಡಿನಲ್ಲಿ 'ವಧು' ಹೋಗಿ 'ವದು' ಆಗಿದ್ದನ್ನು ನೋಡಿದ್ದೇನೆ. ಹಂಚಿ ಆಗಿತ್ತು.

ಕಬ್ಬಿನಗದ್ದೆ, ಮಂಡ್ಯ

ಇನ್ನೊಂದು ಮರೆತೆ. ಇಂಗ್ಲಿಷ್ ಕಡೆ ತಲೆನೋವಿಲ್ಲ ಅಂದಿರಲ್ಲ, ಗಂಡಿನ ಕಡೆಯವರು ಪೂರ್ತಿ ಮ್ಯಾಟರ್ ಕೊಟ್ಟಿದ್ದಾರಾ? ನಮ್ಮ ಮಂಡ್ಯದ ಕಾರ್ಡಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಹಿಂದೆ ಡಿಗ್ರಿ ಇರುತ್ತದೆ. ಕೆ.ಎಸ್., ಬಿ.ಇ., ಎಂ.ಟೆಕ್. ಇವೆಲ್ಲ ಇಂಗ್ಲಿಷ್‌ನಲ್ಲಿ ದೊಡ್ಡಕ್ಷರಗಳು. ಸ್ಕ್ರಿಪ್ಟ್ ಫಾಂಟಿನ ದೊಡ್ಡಕ್ಷರ ಪದದ ಮೊದಲಿಗೆ ಒಂದು ಬರಲಿ ಅಂತ ಮಾಡಿದ್ದು. ಮೂರು ನಾಲ್ಕು ಸಾಲಾಗಿ ನಿಂತರೆ ಬಾಲಕ್ಕೆ ಬಾಲ ಸಿಕ್ಕಿಕೊಳ್ಳುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ಮೈಸೂರು ಪೇಟ ಕಟ್ಟಿಕೊಂಡರೆ ಗಂಡು ಯಾರು ಅಂತ ಹುಡುಕಬೇಕಾಗುತ್ತದೆ, ಹಾಗೆ.

ಹೆಸರು ಮಾತ್ರ ಸ್ಕ್ರಿಪ್ಟ್‌ನಲ್ಲಿ ಇಡಿ. ಇನಿಷಿಯಲ್, ಡಿಗ್ರಿ, ಸೋದರಮಾವಂದಿರ ಪಟ್ಟಿ, ಕಲ್ಯಾಣ ಮಂಟಪದ ವಿಳಾಸ, ಎಲ್ಲ ಸಾದಾ ಅಕ್ಷರದಲ್ಲಿ.

ವಟ್ರಸುಳಿ, ಮೈಸೂರು

ಇನಿಷಿಯಲ್ ವಿಷಯ ಈಗ ಹಾಕಿ ನೋಡಿದೆ. ಹೌದು, ಗೋಜಲು. ವರನ ತಂದೆಯ ಹೆಸರಿಗೆ ಮೂರು ಇನಿಷಿಯಲ್ ಇವೆ. ಆ ಸಾಲು ಬದಲಾಯಿಸುತ್ತೇನೆ. ಕಾರ್ಡ್ ಮಾತ್ರ ರೆಡಿಮೇಡ್ ಅಲ್ಲ, ಪೂರ್ತಿ ನಮ್ಮದೇ. ಹಾಗಾಗಿ ದೊಡ್ಡ ಗಾತ್ರದಲ್ಲಿ ಅಕ್ಷರ ಹಾಕಲು ಜಾಗ ಇದೆ.

ಆದರೆ ನನ್ನ ಕನ್ನಡದ ಪ್ರಶ್ನೆ ಹಾಗೇ ಉಳಿಯಿತು.

ಅಚ್ಚುಮೊಳೆ, ಮೈಸೂರು

ನಾನು ಅಚ್ಚಿನ ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ಜೋಡಿಸಿದ ಕಾಲದವನು. ಕಂಪೋಸಿಂಗ್ ಸ್ಟಿಕ್ ಹಿಡಿದು ಬೆರಳಿಗೆ ಸೀಸ ಮೆತ್ತಿಕೊಂಡವನು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನೀವು ಮೆಚ್ಚಿದ ಆ ಇಂಗ್ಲಿಷ್ ಎಲ್ಲಿಂದ ಬಂತು ನೋಡಿ. ಇಂಗ್ಲೆಂಡಿನಲ್ಲಿ 17 ಮತ್ತು 18ನೇ ಶತಮಾನದಲ್ಲಿ ಬರವಣಿಗೆ ಕಲಿಸುವ ಮೇಷ್ಟ್ರುಗಳಿದ್ದರು. ಚಾರ್ಲ್ಸ್ ಸ್ನೆಲ್ ಅಂಥವರಲ್ಲಿ ಒಬ್ಬ. ವ್ಯಾಪಾರದ ಕಾಗದಪತ್ರ ಬೇಗ ಮತ್ತು ಅಂದವಾಗಿ ಬರೆಯುವ ರೌಂಡ್‌ಹ್ಯಾಂಡ್ ಕಲಿಸುತ್ತಿದ್ದರು. ಅವರ ಬರಹವನ್ನು ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದು ಅಚ್ಚು ಹಾಕುತ್ತಿದ್ದರು. ಜಾರ್ಜ್ ಬಿಕಮ್ ಎಂಬಾತ ಕೊರೆದ 'ಯೂನಿವರ್ಸಲ್ ಪೆನ್‌ಮನ್' 1733ರಿಂದ 1741ರವರೆಗೆ ಕಂತು ಕಂತಾಗಿ ಹೊರಬಂತು. ಕಾಪರ್‌ಪ್ಲೇಟ್ ಅನ್ನುವ ಹೆಸರು ಬಂದದ್ದೇ ಆ ತಾಮ್ರದ ತಗಡಿನಿಂದ. ಉಳಿ ಎಷ್ಟು ಸಣ್ಣ ಗೆರೆ ಬೇಕಾದರೂ ಕೊರೆಯುತ್ತದೆ. ಅದನ್ನು ನೋಡಿ ಬರೆಯುವವರು ಇನ್ನೂ ಸಣ್ಣ ಗೆರೆ ಎಳೆಯಲು ಹೋದರು. ಆಮೇಲೆ ಚೂಪು ಮೊನೆಯ ಉಕ್ಕಿನ ನಿಬ್ಬು ಬಂತು. ಕೆಳಗೆ ಎಳೆಯುವಾಗ ಒತ್ತಿದರೆ ಮೊನೆ ಎರಡಾಗಿ ಬಿಚ್ಚಿ ದಪ್ಪ ಗೆರೆ. ಮೇಲೆ ತಳ್ಳುವಾಗ ಬಿಟ್ಟರೆ ತೆಳು ಗೆರೆ.

ಈಗ ಆ ನಿಬ್ಬಿನಿಂದ ಕನ್ನಡ ಬರೆಯಿರಿ. 'ಅ' ಬರೆಯಿರಿ, 'ಣ' ಬರೆಯಿರಿ. ನಮ್ಮ ಅಕ್ಷರ ಎರಡೂ ದಿಕ್ಕಿಗೆ ಸುತ್ತುತ್ತದೆ. ಮೇಲೆ ಹೋಗುತ್ತಾ ಎಡಕ್ಕೆ ತಿರುಗುವ ಜಾಗದಲ್ಲಿ ಒತ್ತಿದಿರೋ, ಮೊನೆ ಕಾಗದಕ್ಕೆ ಕಚ್ಚಿಕೊಂಡು ಮಸಿ ಸಿಡಿಯುತ್ತದೆ. ಒತ್ತದಿದ್ದರೆ ಅರ್ಧ ಅಕ್ಷರ ತೆಳುವಾಗಿಯೇ ಉಳಿಯುತ್ತದೆ. ಆ ನಿಬ್ಬು ನಮ್ಮ ಅಕ್ಷರಕ್ಕೆ ಹುಟ್ಟಿದ್ದಲ್ಲ.

ಮೊಳೆಗೂ ಇದು ಒಗ್ಗುತ್ತಿರಲಿಲ್ಲ. ಸೀಸದ ಮೊಳೆ ಚೌಕದ ಮೈ. ಅಕ್ಷರದ ಬಾಲ ಮೈ ಬಿಟ್ಟು ಹೊರಗೆ ಚಾಚಿದರೆ ಮುರಿಯುತ್ತದೆ. ಫ್ರಾನ್ಸಿನ ಫರ್ಮಿನ್ ಡಿಡೋ 19ನೇ ಶತಮಾನದ ಆರಂಭದಲ್ಲಿ ಇದಕ್ಕೆಂದೇ ಓರೆ ಮೈಯ ಮೊಳೆ ಮಾಡಿಸಿದ್ದ. ಕನ್ನಡಕ್ಕೆ ಅಂಥದ್ದು ಯಾರು ಮಾಡಿಸಬೇಕು? ನಮ್ಮಲ್ಲಿ ಒತ್ತುಗಳೇ ಬೇರೆ ಮೊಳೆ. ಹಾಗಾಗಿ ಲಗ್ನಪತ್ರಿಕೆಯ ತಲೆಯ ಮೇಲಿನ 'ಶ್ರೀ', 'ಮಮತೆಯ ಕರೆಯೋಲೆ' ಮುಂತಾದ ಅಂದದ ಅಕ್ಷರ ಮೊಳೆಯಿಂದ ಬರುತ್ತಲೇ ಇರಲಿಲ್ಲ. ಯಾರಾದರೂ ಆರ್ಟಿಸ್ಟ್ ಕೈಯಲ್ಲಿ ಬರೆಸಿ, ಸತುವಿನ ಬ್ಲಾಕ್ ಮಾಡಿಸಿ, ಮೊಳೆಗಳ ನಡುವೆ ಕೂರಿಸುತ್ತಿದ್ದೆವು.

ನನ್ನ ಅಭಿಪ್ರಾಯ ಇಷ್ಟೇ. ಫಾಂಟ್ ಹುಡುಕಬೇಡಿ. ಬರೆಸಿ.

ಗ್ಲಿಫ್‌ಗಿರಾಕಿ, ಮೈಸೂರು

ಹಿರಿಯರ ಮಾತಿಗೆ ಗೌರವ ಇದೆ, ಆದರೆ ಕೊನೆಯ ಸಾಲು ಒಪ್ಪುವುದಿಲ್ಲ.

ಸೀಸದಲ್ಲಿ ಆಗದ್ದು ಆಮೇಲೆ ಆಯಿತು, ಅದೇ ಸ್ನೆಲ್ ಹೆಸರಿನಲ್ಲೇ. ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ಅಚ್ಚುಯಂತ್ರದ ಕಂಪನಿ ಲೈನೋಟೈಪ್‌ಗೆ ಸ್ನೆಲ್ ರೌಂಡ್‌ಹ್ಯಾಂಡ್ ಮಾಡಿದ್ದು ಫೋಟೊ ಕಂಪೋಸಿಂಗ್, ಅಂದರೆ ಸೀಸದ ಬದಲು ಫಿಲ್ಮಿನ ಮೇಲೆ ಬೆಳಕಿನಿಂದ ಅಕ್ಷರ ಮೂಡಿಸುವ ವಿಧಾನ, ಬಂದ ಮೇಲೆ. ಚೌಕದ ಮೈ ಹೋಯಿತು, ಅಕ್ಷರ ಅಕ್ಷರಕ್ಕೆ ಕೂಡಿಕೊಂಡಿತು. ಜರ್ಮನಿಯ ಹರ್ಮನ್ ಜಾಫ್ 1944ರಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆದಿದ್ದ ಕೈಬರಹ 1998ರಲ್ಲಿ ಜಾಫಿನೊ ಫಾಂಟ್ ಆಯಿತು. ನಡುವೆ ಐವತ್ತಕ್ಕೂ ಹೆಚ್ಚು ವರ್ಷ. ಒಂದೇ ಅಕ್ಷರಕ್ಕೆ ಹಲವು ರೂಪ ಇಟ್ಟು, ಪಕ್ಕದ ಅಕ್ಷರ ನೋಡಿ ರೂಪ ಬದಲಾಯಿಸಬಲ್ಲ ಸಾಫ್ಟ್‌ವೇರ್ ಬರುವವರೆಗೆ ಅದು ಕಾಯಬೇಕಾಯಿತು. ಈಗಿನ ಫಾಂಟ್ ಮಾದರಿಯಾದ ಓಪನ್‌ಟೈಪ್‌ನಲ್ಲಿ ಆ ಸೌಲಭ್ಯ ಎಲ್ಲ ಲಿಪಿಗೂ ಇದೆ.

ಕನ್ನಡಕ್ಕೆ ಯಾಕೆ ಬರಲಿಲ್ಲ ಅಂದರೆ ಕೆಲಸ ಜಾಸ್ತಿ. ಇಂಗ್ಲಿಷ್‌ಗೆ ದೊಡ್ಡದು ಚಿಕ್ಕದು ಸೇರಿ 52 ಅಕ್ಷರ ಬರೆದರೆ ಪ್ರಾಣ ಬಂತು. ಕನ್ನಡದಲ್ಲಿ 34 ವ್ಯಂಜನ. ಪ್ರತಿಯೊಂದಕ್ಕೂ ಒತ್ತಿನ ರೂಪ. ಗುಡಿಸು ಬಂದರೆ ತಲೆಕಟ್ಟು ಹೋಗಿ ಅಕ್ಷರದ ಮೈಯೇ ಬದಲಾಗುತ್ತದೆ, ಕ ಮತ್ತು ಕಿ ನೋಡಿ. ಬಾಲ, ಬಳುಕು ಸೇರಿಸುವ ಮೊದಲೇ ನೂರಾರು ರೂಪ ಬರೆಯಬೇಕು. ಅಷ್ಟು ಮಾಡಿದ ಮೇಲೆ ಕೊಳ್ಳುವವರು ಎಷ್ಟು ಜನ? ನಮ್ಮ ಜನ ಫಾಂಟಿಗೆ ದುಡ್ಡು ಕೊಡುವುದು ಅಂದರೆ ಏನು ಅಂತಲೇ ಕೇಳುತ್ತಾರೆ. ಆಗುವುದಿಲ್ಲ ಅಂತಲ್ಲ, ಯಾರೂ ಇನ್ನೂ ಕೂತು ಮಾಡಿಲ್ಲ.

ಅಚ್ಚುಮೊಳೆ, ಮೈಸೂರು

ಮಾಡಿದರೂ ಆ ಫಾಂಟ್ ಯಾರ ಕೈ ಬರಹ ಆಗಿರುತ್ತದೆ ಹೇಳಿ. ಲಂಡನ್ನಿನ ಮೇಷ್ಟ್ರ ಕೈ, ನಮ್ಮ ಅಕ್ಷರ. ಕನ್ನಡದಲ್ಲಿ ಅಕ್ಷರ ಅಕ್ಷರ ಕೂಡಿಸಿ ಬರೆಯುವ ಪದ್ಧತಿಯೇ ಇಲ್ಲವಲ್ಲ.

ಓಲೆಗರಿ

ಇತ್ತು.

ಹಳೆಯ ಶಾನುಭೋಗರ ಲೆಕ್ಕಪತ್ರ ನೋಡಿದವರಿಗೆ ಗೊತ್ತು. ಮೋಡಿ ಅಕ್ಷರ ಅನ್ನುತ್ತಾರೆ. ಬೇಗ ಬರೆಯಬೇಕು, ಕೈ ಎತ್ತಬಾರದು. ತಲೆಕಟ್ಟು ಮುಂದಿನ ಅಕ್ಷರಕ್ಕೆ ಹರಿದುಹೋಗುತ್ತದೆ, ಒತ್ತು ಬರೀ ಒಂದು ಕೊಕ್ಕೆಯಾಗುತ್ತದೆ. ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಚಿದ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರಹ. ಕಪ್ಪು ನೆಲ, ಬಿಳಿ ಅಕ್ಷರ.

ಓಲೆಗರಿಯ ಕಥೆ ಬೇರೆ. ಅಲ್ಲಿ ಕಂಠ ಎಂಬ ಚೂಪು ಕಡ್ಡಿಯಿಂದ ಗೀರಬೇಕು. ಆಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರಿದ ಕಡೆ ಮಾತ್ರ ಕಪ್ಪು ಉಳಿಯುತ್ತದೆ. ಕಂಠಕ್ಕೆ ದಪ್ಪ-ತೆಳು ಗೊತ್ತಿಲ್ಲ, ಒಂದೇ ದಪ್ಪದ ಗೆರೆ. ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳ ದೊಡ್ಡ ಸಂಗ್ರಹ ಇದೆ. 1891ರಿಂದ ಇರುವ ಸಂಸ್ಥೆ. 1905ರಲ್ಲಿ ಶಾಮಾಶಾಸ್ತ್ರಿಗಳಿಗೆ ಅರ್ಥಶಾಸ್ತ್ರದ ಪ್ರತಿ ಸಿಕ್ಕಿದ್ದು ಅಲ್ಲೇ. ಆ ಪ್ರತಿ ಗ್ರಂಥ ಲಿಪಿಯದು, ಕನ್ನಡದ್ದಲ್ಲ, ಅದು ಬೇರೆ ಮಾತು. ಕನ್ನಡದ ಓಲೆಗಳೂ ಇವೆ. ಆ ಗರಿಗಳಲ್ಲಿ ಅಕ್ಷರ ಎಷ್ಟು ಸಣ್ಣದು, ಎಷ್ಟು ಒತ್ತಾಗಿ ನಿಂತಿದೆ, ಆದರೂ ಎಷ್ಟು ಅಂದ ಅಂತ ನೋಡಬೇಕು. ಅಲ್ಲಿ ಒಂದು ಬಾಲವೂ ಇಲ್ಲ. ಅಂದ ಬರುವುದು ಸುತ್ತಿನ ಹದದಿಂದ, ಸಾಲಿನ ಬಿಗಿಯಿಂದ.

ಕಲ್ಲಿನದ್ದೂ ಇದೆ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲು. ಕಾಲ ಸುಮಾರು 949-50. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ರಾಜರ ಹೆಸರು, ಯುದ್ಧದ ಸುದ್ದಿ ಎಲ್ಲ ಇರುವ ದೊಡ್ಡ ಬರಹ. ಅಕ್ಷರ ದುಂಡಗೆ ನಿಂತಿದೆ.

ಹಾಗಾಗಿ ನನ್ನ ಮಾತು: ಕನ್ನಡದಲ್ಲಿ ಬಳುಕು ಬೇಕೆಂದರೆ ಕಾಪರ್‌ಪ್ಲೇಟ್‌ಗೆ ಹೋಗಬೇಕಿಲ್ಲ, ಕಡತಕ್ಕೆ ಹೋಗಿ. ಗಂಭೀರ ಬೇಕೆಂದರೆ ಓಲೆಗೆ ಹೋಗಿ.

ಕಬ್ಬಿನಗದ್ದೆ, ಮಂಡ್ಯ

ಆತಕೂರು ನಮ್ಮ ಅಜ್ಜಿ ಊರಿನ ಪಕ್ಕ. ಶಾಸನದ ಅಕ್ಷರವನ್ನು ಲಗ್ನಪತ್ರಿಕೆಗೆ ಹಾಕಿದರೆ ಬೀಗರು ಜಗಳಕ್ಕೆ ಬರುತ್ತಾರೆ ಅಷ್ಟೇ.

ಅಚ್ಚುಮೊಳೆ, ಮೈಸೂರು

ಮೋಡಿ ವಿಷಯ ಒಪ್ಪಿದೆ. ಆದರೆ ಅದು ಓದುವುದಕ್ಕೆ ಅಲ್ಲ, ಬರೆದವನೇ ಓದಿಕೊಳ್ಳುವುದಕ್ಕೆ. ಶಾನುಭೋಗನ ಮಗನಿಗೂ ಕಷ್ಟ. ಮುಹೂರ್ತ ಎಷ್ಟು ಗಂಟೆಗೆ ಅಂತ ತಿಳಿಯದಿದ್ದರೆ ಕಾರ್ಡ್ ಯಾಕೆ?

ಓಲೆಗರಿ

ಮುಹೂರ್ತವನ್ನು ಮೋಡಿಯಲ್ಲಿ ಬರೆಯಿರಿ ಅಂತ ನಾನು ಹೇಳಲಿಲ್ಲ. ಎರಡು ಹೆಸರು, ಒಂದು ಶ್ರೀ. ಅಷ್ಟಕ್ಕೆ ಆ ಓಟ ಸಾಕು.

ಬೋರ್ಡ್_ಬರೆಯೋನು, ಶ್ರೀರಂಗಪಟ್ಟಣ

ಬ್ರಷ್ ಹಿಡಿಯುವವನ ಮಾತೂ ಕೇಳಿ. ಫ್ಲೆಕ್ಸ್ ಬಂದ ಮೇಲೆ ನಮ್ಮ ಕೆಲಸ ಕಡಿಮೆಯಾಯಿತು, ಕೈ ಮರೆತಿಲ್ಲ.

ಚೂಪು ನಿಬ್ಬಿನಲ್ಲಿ ಕನ್ನಡ ಬರುವುದಿಲ್ಲ ಅಂದದ್ದು ಸರಿ. ಚಪ್ಪಟೆ ಬ್ರಷ್‌ನಲ್ಲಿ ಬರುತ್ತದೆ. ಚಪ್ಪಟೆ ಬ್ರಷ್ ಒತ್ತಡ ಕೇಳುವುದಿಲ್ಲ, ಹಿಡಿದ ಕೋನ ಕೇಳುತ್ತದೆ. ಒಂದೇ ಕೋನದಲ್ಲಿ ಹಿಡಿದು ಸುತ್ತಿದರೆ ದಪ್ಪ-ತೆಳು ತಾನಾಗಿ ಬರುತ್ತದೆ. ಮೇಲೆ ಹೋದರೂ ಬರುತ್ತದೆ, ಎಡಕ್ಕೆ ತಿರುಗಿದರೂ ಬರುತ್ತದೆ. ಅಗಲ ಮೊನೆಯ ಪೆನ್ನಿಗೂ ಇದೇ. ನಿಮಗೆ ಬೇಕಾದ ಏರಿಳಿತ ಇಲ್ಲಿ ಸಿಗುತ್ತದೆ. ಇಂಗ್ಲಿಷ್‌ನಷ್ಟು ಕೂದಲೆಳೆ ಸಿಗುವುದಿಲ್ಲ, ಸಿಗದಿರುವುದೇ ಒಳ್ಳೆಯದು. ಫಾಯಿಲ್‌ನವರು ಹೇಳಿದರಲ್ಲ.

ಬಾಲ ಎಲ್ಲಿ ಬಿಡಬೇಕು ಅನ್ನುವುದು ಮುಖ್ಯ. ಎಲ್ಲ ಕಡೆ ಬಿಡುವಂತಿಲ್ಲ. ಕನ್ನಡದಲ್ಲಿ ಬಾಲ ಬಿಡಲು ತಾನಾಗಿ ಜಾಗ ಕೊಡುವ ಕಡೆ ಕೆಲವೇ ಇವೆ. ರ ಒತ್ತು ಒಂದು. ಅಕ್ಷರದ ಕೆಳಗೆ ಬಾಗಿಕೊಂಡು ಹೋಗುವ ಗೆರೆ, ಅದನ್ನು ಎಷ್ಟು ಎಳೆದರೂ ಒಪ್ಪುತ್ತದೆ. ದೀರ್ಘ ಇನ್ನೊಂದು. ಪದದ ಕೊನೆಯ ತಲೆಕಟ್ಟು, ಅದನ್ನು ಬಲಕ್ಕೆ ಚಾಚಬಹುದು. ಅರ್ಕಾವೊತ್ತನ್ನು ಸುರುಳಿ ಮಾಡಬಹುದು. 'ಶ್ರೀ' ಅನ್ನುವ ಒಂದೇ ಅಕ್ಷರದಲ್ಲಿ ರ ಒತ್ತೂ ಇದೆ, ದೀರ್ಘವೂ ಇದೆ. ಎಲ್ಲ ಬೋರ್ಡ್ ಬರೆಯುವವರೂ ಕೈ ತೋರಿಸುವುದು ಅಲ್ಲೇ. ಕೆಳಗಿನ ಗೆರೆ ಎಡದಿಂದ ಹೊರಟು ದೀರ್ಘದ ತುದಿಯನ್ನು ಮುಟ್ಟುವ ಹಾಗೆ ಎಳೆದರೆ ಮೇಲೊಂದು ಅಲಂಕಾರ ಬೇಕಾಗಿಲ್ಲ.

ಎಲ್ಲಿ ಬಿಡಬಾರದು ಅಂದರೆ ಪದದ ಮಧ್ಯೆ. 'ಕರೆಯೋಲೆ' ಅಂತ ಬರೆಯುವಾಗ ಯೋ ದೀರ್ಘ ಎಳೆದರೆ ಅದು ಲೆ ಮೈಮೇಲೆ ಬೀಳುತ್ತದೆ. ಹೊಟ್ಟೆ ಸೀಳಿನ ಹತ್ತಿರ ಯಾವ ಗೆರೆಯೂ ಸುಳಿಯಬಾರದು, ಮಂಡ್ಯದವರು ಹೇಳಿದ ವಧು ಕಥೆ ಆಗುತ್ತದೆ. ವ ಮತ್ತು ಮ ನಡುವೆಯೂ ಹುಷಾರು. ವ ಕೊನೆಗೆ ಚಂದ ಅಂತ ಒಂದು ಸುತ್ತು ಹಾಕಿದರೆ ಅದು ಮ ಆಗಿ ಕೂರುತ್ತದೆ.

ಹುಡುಗ ಹುಡುಗಿ ಹೆಸರಲ್ಲಿ ಏನೇನು ಅಕ್ಷರ ಇದೆ? ಹೆಸರು ಬೇಡ, ಕೊನೆಯ ಅಕ್ಷರ ಹೇಳಿ ಸಾಕು.

ವಟ್ರಸುಳಿ, ಮೈಸೂರು

ಹುಡುಗಿಯದು 'ಶ್ರೀ'ಯಲ್ಲಿ ಮುಗಿಯುತ್ತದೆ. ಹುಡುಗನದು 'ರ್' ಅಂತ ಅರ್ಧಾಕ್ಷರದಲ್ಲಿ.

ಬೋರ್ಡ್_ಬರೆಯೋನು, ಶ್ರೀರಂಗಪಟ್ಟಣ

ಹೆಣ್ಣಿಗೆ ಶ್ರೀ ಅಂದರೆ ಅದೃಷ್ಟ. ಅಲ್ಲಿ ಎಳೆಯಿರಿ. ಗಂಡಿನ 'ರ್' ಮೇಲಿನ ಕೊಕ್ಕೆಯನ್ನು ಸ್ವಲ್ಪ ಎತ್ತಿ ಬಲಕ್ಕೆ ಬಾಗಿಸಿ ನಿಲ್ಲಿಸಿ. ಎರಡಕ್ಕೂ ಒಂದೇ ಅಳತೆಯ ಬಾಲ ಬೇಡ. ಒಂದು ಉದ್ದ, ಒಂದು ಗಿಡ್ಡ.

ಸುಮ್ನೆ_ಓದುಗ

ಗಂಡಿನ ಕಡೆಯವರು ನಮ್ಮ ಬಾಲ ಯಾಕೆ ಗಿಡ್ಡ ಅಂತ ಕೇಳಿದರೆ?

ಕಬ್ಬಿನಗದ್ದೆ, ಮಂಡ್ಯ

ಖಂಡಿತ ಕೇಳುತ್ತಾರೆ. ಮಂಡ್ಯ ಅಲ್ವಾ.

ಗ್ಲಿಫ್‌ಗಿರಾಕಿ, ಮೈಸೂರು

ನಕ್ಕು ಸಾಕಾಯಿತು. ಉಳಿದ ಪಠ್ಯಕ್ಕೆ ಫಾಂಟ್ ಬೇಕಲ್ಲ, ಅದನ್ನು ಹೇಳುತ್ತೇನೆ.

ಹೆಸರುಗಳನ್ನು ಬರೆಸುವುದಾದರೆ ಕೆಳಗಿನ ಪಠ್ಯ ಆದಷ್ಟು ಶಾಂತವಾಗಿರಲಿ. ಟೈರೊ ಕನ್ನಡ ನನಗೆ ಇಷ್ಟ. ಹಳೆಯ ಪುಸ್ತಕದ ಗಾಂಭೀರ್ಯ ಇದೆ, ದಪ್ಪ-ತೆಳು ಹದವಾಗಿದೆ. ನೋಟೊ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕ ಸಿಗುತ್ತವೆ, ಫಾಯಿಲ್‌ಗೆ ಯಾವುದು ನಿಲ್ಲುತ್ತದೆ ಅಂತ ಪರೀಕ್ಷೆ ಮಾಡಬಹುದು. ಹುಬ್ಬಳ್ಳಿ ಅಂತ ಒಂದಿದೆ, ಒಂದೇ ದಪ್ಪದ ಗೆರೆ, ಓಲೆಗರಿಯವರಿಗೆ ಇಷ್ಟವಾಗಬಹುದು. ಅಕಾಯ ಕನಡಕ ನೋಡಿ, ಕೈಬರಹದ ಚುರುಕು ಇದೆ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಅದೇ ಫಾಂಟಿನಲ್ಲಿವೆ. ಆದರೆ ಅದು ಲವಲವಿಕೆಯದು, ಕಡುಗೆಂಪು ಕಾರ್ಡಿನ ಗತ್ತಿಗೆ ಹೊಂದುತ್ತದೆಯೋ ಇಲ್ಲವೋ ನೀವೇ ನೋಡಿ. ಬಲೂ ತಮ್ಮ ಬೇಡ. ನಾಮಕರಣಕ್ಕೆ ಇಟ್ಟುಕೊಳ್ಳಿ.

ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಗ್ರೇಟ್ ವೈಬ್ಸ್ ಕೂಡ ಹಾಗೇ. ಅಚ್ಚು ಹಾಕಿ ಮಾರುವ ಕೆಲಸಕ್ಕೂ ಬಳಸಬಹುದು, ಫಾಂಟನ್ನೇ ಪ್ರತ್ಯೇಕವಾಗಿ ಮಾರುವ ಹಾಗಿಲ್ಲ ಅಷ್ಟೇ. ಎಡ್ವರ್ಡಿಯನ್ ಸ್ಕ್ರಿಪ್ಟ್ ಎಡ್ ಬೆಂಗ್ಯಾಟ್ 1994ರಲ್ಲಿ ಮಾಡಿದ್ದು, ಅದು ವಾಣಿಜ್ಯ ಫಾಂಟು. ಪುಕ್ಕಟೆ ಫಾಂಟ್ ತಾಣಗಳಿಂದ ಇಳಿಸಿಕೊಂಡದ್ದಾದರೆ 'ಸ್ವಂತ ಬಳಕೆಗೆ ಮಾತ್ರ' ಅಂತ ಬರೆದಿದೆಯೇ ನೋಡಿಕೊಳ್ಳಿ.

ಸಾಫ್ಟ್‌ವೇರ್ ಸೆಟ್ಟಿಂಗ್ ಕೂಡ. ಇಲ್ಲಸ್ಟ್ರೇಟರ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷಿಯನ್ ಕಂಪೋಸರ್ ಆರಿಸಿ. ಇನ್‌ಡಿಸೈನ್ ಆದರೆ ವರ್ಲ್ಡ್ ರೆಡಿ ಕಂಪೋಸರ್. ಇಲ್ಲದಿದ್ದರೆ ಒತ್ತುಗಳು ಬಿಚ್ಚಿಕೊಂಡು ಪಕ್ಕಕ್ಕೆ ನಿಲ್ಲುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಏನೂ ಮಾಡಬೇಕಾಗಿಲ್ಲ, ಸರಿಯಾಗೇ ಬರುತ್ತದೆ.

ಹೆಸರುಗಳ ಪಟ್ಟಿಯಲ್ಲಿ ರಾಜ್‌ಕುಮಾರ್, ವಿಜಯ್‌ಕುಮಾರ್ ಥರದವರು ಇದ್ದೇ ಇರುತ್ತಾರೆ. ಅರ್ಧಾಕ್ಷರದ ನಂತರ ಕಾಣದ ವಿಭಜಕ ಹಾಕದಿದ್ದರೆ ಅವರು ರಾಜ್ಕುಮಾರ್ ಆಗುತ್ತಾರೆ. ಕನ್ನಡ ಕೀಲಿಮಣೆಗಳಲ್ಲಿ ಅದಕ್ಕೆ ಕೀಲಿ ಇದೆ.

ಕಬ್ಬಿನಗದ್ದೆ, ಮಂಡ್ಯ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ರೆಸ್ಸಿಗೆ ಕೊಡುವಾಗ ಅಕ್ಷರವನ್ನೆಲ್ಲ ಫಾಂಟ್ ಬೇಡದ ಗೆರೆಚಿತ್ರವಾಗಿಸಿ, ಅಂದರೆ ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ. ಅಲ್ಲಿಯ ಕಂಪ್ಯೂಟರ್‌ನಲ್ಲಿ ಹಳೆಯ ನುಡಿ, ಬರಹ ಫಾಂಟ್ ಮಾತ್ರ ಇರಬಹುದು, ಯೂನಿಕೋಡ್ ತೆರೆದ ತಕ್ಷಣ ಎಲ್ಲ ಚೌಕ ಚೌಕ. ಔಟ್‌ಲೈನ್ ಮಾಡಿದ ಮೇಲೆ ಯಾರೂ ತಿದ್ದಲು ಆಗುವುದಿಲ್ಲ, ಹಾಗಾಗಿ ಅದಕ್ಕೂ ಮೊದಲು ಮನೆಯ ಹಿರಿಯರಿಂದ ಓದಿಸಿ ಸಹಿ ಹಾಕಿಸಿಕೊಳ್ಳಿ. ಸಹಿ ಅಂದದ್ದು ತಮಾಷೆಗಲ್ಲ.

ಕನ್ನಡದ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. 14 ಪಾಯಿಂಟ್ ಅಕ್ಷರಕ್ಕೆ 21, 22 ಪಾಯಿಂಟ್ ಸಾಲು ಇರಲಿ. ಇಂಗ್ಲಿಷ್ ಕಡೆಯ ಅಳತೆಯನ್ನೇ ಇಲ್ಲಿ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಗುದ್ದುತ್ತದೆ.

ವಟ್ರಸುಳಿ, ಮೈಸೂರು

ಎಲ್ಲರ ಮಾತು ಓದಿ ಮನೆಯಲ್ಲಿ ಕೂತು ಮಾತಾಡಿದೆವು. ಹೀಗೆ ಮಾಡುತ್ತಿದ್ದೇನೆ.

ಕನ್ನಡ ಕಡೆ 'ಶ್ರೀ ಚಾಮುಂಡೇಶ್ವರಿ ಪ್ರಸನ್ನ' ಸಾದಾ ಅಕ್ಷರದಲ್ಲಿ, ಸಣ್ಣದಾಗಿ. ಹುಡುಗ ಹುಡುಗಿ ಹೆಸರು ಮಾತ್ರ ಕೈಬರಹ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ನನ್ನ ಗೆಳತಿ ಅಗಲ ಮೊನೆಯ ಪೆನ್ನಿನಲ್ಲಿ ಬರೆಯುತ್ತಾಳೆ, ಬೋರ್ಡ್ ಬರೆಯುವವರು ಹೇಳಿದ ಹಾಗೆ ಬಾಲ. ಅದನ್ನು ಸ್ಕ್ಯಾನ್ ಮಾಡಿ, ವೆಕ್ಟರ್ ಮಾಡಿ, ಫಾಯಿಲ್‌ಗೆ ಕೊಡುವುದು. ಉಳಿದ ಪಠ್ಯ ಟೈರೊ ಕನ್ನಡ.

ಇಂಗ್ಲಿಷ್ ಕಡೆಯನ್ನೂ ಬದಲಾಯಿಸಿದೆ. ಎಡ್ವರ್ಡಿಯನ್ ತೆಗೆದು ಗ್ರೇಟ್ ವೈಬ್ಸ್ ಇಟ್ಟೆ, ಅದೂ ಎರಡು ಹೆಸರಿಗೆ ಮಾತ್ರ. ಕೂದಲೆಳೆ ಗೆರೆಗೆ ಕಾಲು ಪಾಯಿಂಟ್ ದಪ್ಪ ಸೇರಿಸಿದೆ. ಈಗ ಎರಡೂ ಕಡೆ ನೋಡಿದರೆ ಹೆಸರು ಬಳುಕುತ್ತದೆ, ಉಳಿದದ್ದು ನಿಂತಿರುತ್ತದೆ. ಎರಡು ಲಿಪಿಯ ಬಳುಕು ಒಂದೇ ಥರ ಇಲ್ಲ. ಇರಲಿ ಬಿಡಿ ಅನ್ನಿಸಿತು.

ಗ್ಲಿಫ್‌ಗಿರಾಕಿಯವರೇ, ಮೋಡಿಯ ಓಟ ಇಟ್ಟುಕೊಂಡು ಒಂದು ಫಾಂಟ್ ಮಾಡುವುದಾದರೆ ಮೊದಲ ಗಿರಾಕಿ ನಾನು.

ಗ್ಲಿಫ್‌ಗಿರಾಕಿ, ಮೈಸೂರು

ಓಲೆಗರಿಯವರು ಕಡತದ ಒಳ್ಳೆಯ ಫೋಟೊ ಕೊಟ್ಟರೆ 34 ವ್ಯಂಜನದಿಂದ ಶುರು ಮಾಡುತ್ತೇನೆ. ಯಾವಾಗ ಮುಗಿಯುತ್ತದೆ ಅಂತ ಮಾತ್ರ ಕೇಳಬೇಡಿ.

ಅಚ್ಚುಮೊಳೆ, ಮೈಸೂರು

ಮಾಡಿ. ಮುಹೂರ್ತದ ಸಾಲಿಗೆ ಬಳಸಬೇಡಿ ಅಂತ ಪರವಾನಗಿಯಲ್ಲೇ ಬರೆದುಬಿಡಿ.

ಸುಮ್ನೆ_ಓದುಗ

ಬೀಗರ ಊಟದ ಕಾರ್ಡಿಗೂ ಕೈಬರಹವೇ?

ವಟ್ರಸುಳಿ, ಮೈಸೂರು

ಅದಕ್ಕೆ ಕಾರ್ಡೇ ಇಲ್ಲ. ಇದೇ ಹೆಸರಿನ ಚಿತ್ರ ಹಾಕಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರಂತೆ.

ಕಬ್ಬಿನಗದ್ದೆ, ಮಂಡ್ಯ

ಹಾಗಾದರೆ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ಕುಗ್ಗಿಸಿಬಿಡುತ್ತದೆ, ಸಣ್ಣ ಗೆರೆ ಮಸುಕಾಗುತ್ತದೆ. ಊಟದ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮ ಕಡೆ ಎಲ್ಲರೂ ಮೊದಲು ನೋಡುವುದು ಅದನ್ನೇ.